ಬಲಾಬಲದ ಲೆಕ್ಕ, ಕತೆಯ ನ್ಯಾಯ

ಗೋಕು ಮತ್ತು ಸೂಪರ್‌ಮ್ಯಾನ್ ಎದುರುಬದುರಾದರೆ ಗೆಲ್ಲುವವರು ಯಾರು? ಅನಿಮೆ ನೋಡುವ ನಾಲ್ಕು ಜನ ಸೇರಿದ ಕಡೆ ಈ ಪ್ರಶ್ನೆಯನ್ನು ಸುಮ್ಮನೆ ಎತ್ತಿ ನೋಡಿ. ಮೊದಲ ಐದು ನಿಮಿಷ ನಗು, ಆಮೇಲೆ ಬರೀ ಲೆಕ್ಕ. ಯಾವ ಅಧ್ಯಾಯದಲ್ಲಿ ಯಾರು ಯಾವ ಬೆಟ್ಟ ಒಡೆದರು, ಯಾರ ಏಟನ್ನು ಯಾರು ಕದಲದೆ ತಡೆದರು, ಯಾರು ಬೆಳಕಿಗಿಂತ ಬೇಗ ಓಡಿದರು ಎಂಬ ಪಟ್ಟಿಗಳು ಹೊರಬರುತ್ತವೆ. 2013ರಲ್ಲಿ 'ಡೆತ್ ಬ್ಯಾಟಲ್' ಎಂಬ ಅಂತರ್ಜಾಲ ಸರಣಿ ಈ ಇಬ್ಬರನ್ನು ಕಾದಾಡಿಸಿ ಸೂಪರ್‌ಮ್ಯಾನ್‌ಗೆ ಗೆಲುವು ಕೊಟ್ಟಿತು. ವಾದ ಮುಗಿಯಲಿಲ್ಲ. 2015ರಲ್ಲಿ ಮತ್ತೊಮ್ಮೆ ಕಾದಾಡಿಸಬೇಕಾಯಿತು. ಆಗಲೂ ಸೂಪರ್‌ಮ್ಯಾನ್ ಗೆದ್ದ, ಆಗಲೂ ವಾದ ಮುಗಿಯಲಿಲ್ಲ.

ಈ ಲೆಕ್ಕಾಚಾರಕ್ಕೆ ಅಭಿಮಾನಿಗಳು ಇಟ್ಟುಕೊಂಡ ಹೆಸರು ಪವರ್ ಸ್ಕೇಲಿಂಗ್. ಪಾತ್ರಗಳ ಬಲವನ್ನು ಒಂದೇ ಅಳತೆಗೋಲಿನ ಮೇಲೆ ಮೇಲೆ ಕೆಳಗೆ ಜೋಡಿಸುವ ಕೆಲಸ ಇದು. ಸಾಹಿತ್ಯದ ತರಗತಿಗಳಲ್ಲಿ ಇದರ ಮಾತು ಬಂದರೆ ಹಿರಿಯರು ನಕ್ಕು ಮುಂದೆ ಹೋಗುತ್ತಾರೆ. ನನಗೆ ಹಾಗೆ ನಕ್ಕು ಮುಂದೆ ಹೋಗಲು ಮನಸ್ಸಿಲ್ಲ. ಒಂದು ಕೃತಿಯನ್ನು ಪುಟಪುಟವಾಗಿ ನೆನಪಿಟ್ಟುಕೊಂಡು, ಪಠ್ಯದಿಂದಲೇ ಸಾಕ್ಷಿ ಕೊಡು ಎಂದು ಎದುರಾಳಿಯನ್ನು ಪಟ್ಟುಹಿಡಿದು ಕೇಳುವ ಓದುಗರು ಇವತ್ತು ಎಷ್ಟು ಮಂದಿ ಸಿಗುತ್ತಾರೆ? ಕಾದಂಬರಿಯೊಂದರ ಬಗ್ಗೆ ಇಷ್ಟು ನಿಷ್ಠೆಯಿಂದ ಜಗಳವಾಡುವ ವಿಚಾರ ಸಂಕಿರಣವನ್ನು ನಾನಂತೂ ಕಂಡಿಲ್ಲ. ಹಾಗಾಗಿ ಈ ವಾದವನ್ನು ಒಂದು ಬಗೆಯ ಓದು ಎಂದೇ ಒಪ್ಪಿಕೊಂಡು, ಆ ಓದು ಎಲ್ಲಿ ಗಟ್ಟಿ, ಎಲ್ಲಿ ಕುಂಟುತ್ತದೆ ಎಂದು ನೋಡುವುದು ಇಲ್ಲಿನ ಉದ್ದೇಶ.

ವಾದ ನಡೆಯುವ ಕ್ರಮ ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ. ವಾದಿಗಳ ಬಳಿ ಮೂರು ಉಪಕರಣಗಳಿರುತ್ತವೆ. ಮೊದಲನೆಯದು 'ಫೀಟ್', ಅಂದರೆ ಪಾತ್ರ ಕಣ್ಣೆದುರೇ ಮಾಡಿ ತೋರಿಸಿದ ಸಾಹಸ. ಎರಡನೆಯದು ಸರಪಳಿ: ಇವನು ಅವನನ್ನು ಸೋಲಿಸಿದ, ಅವನು ಇನ್ನೊಬ್ಬನನ್ನು ಸೋಲಿಸಿದ್ದ, ಆದ್ದರಿಂದ ಇವನು ಇಬ್ಬರಿಗಿಂತಲೂ ದೊಡ್ಡವನು. ಮೂರನೆಯದು ಹೇಳಿಕೆ: ಕತೆಯೊಳಗಿನ ಯಾರಾದರೂ ಆಡಿದ ಮಾತು, ಲೇಖಕನ ಸಂದರ್ಶನ, ಇಲ್ಲವೇ ಪ್ರಕಾಶಕರು ಹೊರತಂದ ಅಧಿಕೃತ ಕೈಪಿಡಿ. ಈ ಮೂರನ್ನೂ ಹೆಣೆದರೆ ಪಟ್ಟಿ ಸಿದ್ಧ. ಹೆಣಿಗೆಯಲ್ಲಿ ಹೊಂದದೆ ಉಳಿದ ಎಳೆಗೆ ಅಪವಾದ ಎಂದು ಹೆಸರಿಟ್ಟು ಕತ್ತರಿಸಿದರಾಯಿತು.

ಈ ಉಪಕರಣಗಳನ್ನು ಅವು ಹುಟ್ಟಿದ ನೆಲದಲ್ಲೇ ಪರೀಕ್ಷಿಸೋಣ. ಅಕಿರಾ ತೊರಿಯಾಮಾ ಅವರ 'ಡ್ರ್ಯಾಗನ್ ಬಾಲ್' 1984ರಿಂದ 1995ರವರೆಗೆ 'ವೀಕ್ಲಿ ಶೋನೆನ್ ಜಂಪ್' ಪತ್ರಿಕೆಯಲ್ಲಿ 519 ಅಧ್ಯಾಯಗಳಲ್ಲಿ ಬಂದ ಮಂಗಾ. ಅದರ ನಡುಭಾಗದಲ್ಲಿ ರಾಡಿಟ್ಜ್ ಎಂಬ ಅನ್ಯಲೋಕದವನು ಭೂಮಿಗೆ ಬಂದಿಳಿಯುತ್ತಾನೆ. ಅವನ ಕಣ್ಣಿನ ಮೇಲೆ ಸ್ಕೌಟರ್ ಎಂಬ ಯಂತ್ರ. ಎದುರಿಗಿದ್ದವನ ಯುದ್ಧಬಲವನ್ನು ಅದು ಅಂಕಿಯಲ್ಲಿ ತೋರಿಸುತ್ತದೆ. ಹೊಲದಲ್ಲಿ ಬಂದೂಕು ಹಿಡಿದು ನಿಂತ ರೈತನನ್ನು ನೋಡಿ ಅದು ತೋರಿಸಿದ ಅಂಕಿ 5. ಮುಂದೊಂದು ಸಂದರ್ಭದಲ್ಲಿ ಇಂಥದೇ ಯಂತ್ರ ಗೋಕುವಿನ ಮುದಿಗುರು ಆಮೆ ಸನ್ಯಾಸಿಯನ್ನು ಅಳೆದು 139 ಎನ್ನುತ್ತದೆ. ಈಗ ಸರಪಳಿ ಹಿಡಿಯಿರಿ. ಮುದಿಗುರು ರೈತನ ಇಪ್ಪತ್ತೆಂಟು ಪಟ್ಟು. ಆದರೆ ಈ ಯಂತ್ರ ಕತೆಗೆ ಕಾಲಿಡುವುದಕ್ಕೆ ಎಷ್ಟೋ ಮೊದಲೇ, ಒಂದು ಕುಸ್ತಿ ಪಂದ್ಯದಲ್ಲಿ, ಹುಣ್ಣಿಮೆ ಚಂದ್ರನನ್ನು ಕಂಡು ದೈತ್ಯ ವಾನರನಾದ ಗೋಕುವನ್ನು ಮಾಮೂಲಿಗೆ ತರಲು ಇದೇ ಮುದುಕ ಚಂದ್ರನನ್ನೇ ಒಡೆದು ಹಾಕಿದ್ದ! ಹಾಗಾದರೆ ಬಂದೂಕು ಹಿಡಿದ ಇಪ್ಪತ್ತೆಂಟು ರೈತರು ಸೇರಿದರೆ ಒಬ್ಬ ಚಂದ್ರಭಂಜಕ ಸಿದ್ಧನಾಗಬೇಕು.

ವಾದಿಗಳು ಇದಕ್ಕೂ ಉತ್ತರ ಇಟ್ಟುಕೊಂಡಿದ್ದಾರೆ. ಅಳೆದಾಗ ಗುರು ವಿಶ್ರಾಂತಿಯಲ್ಲಿದ್ದ, ಒಡೆದಾಗ ಪೂರ್ಣ ಬಲದಲ್ಲಿದ್ದ, ಅಂಕಿಗಳು ಸಮನಾದ ಹೆಜ್ಜೆಯಲ್ಲಿ ಏರುವುದಿಲ್ಲ, ಇತ್ಯಾದಿ. ಜಾಣ ಉತ್ತರಗಳೇ. ನನಗೆ ಕಾಣುವುದು ಬೇರೆ. ಚಂದ್ರ ಒಡೆದ ಪುಟ ನಗೆಯ ಪುಟ. ಮಗುವಿನಂಥ ಹುಡುಗನೊಬ್ಬ ಊರು ತುಳಿಯುವ ವಾನರನಾದಾಗ ಮುದುಕನೊಬ್ಬ ಸಮಸ್ಯೆಯ ಬೇರಿಗೇ ಕೈಹಾಕಿದ ಎನ್ನುವ ಉಡಾಫೆ ಅಲ್ಲಿದೆ. ರೈತನ 5 ಬಂದ ಪುಟ ಹೆದರಿಕೆಯ ಪುಟ. ಅನ್ಯಲೋಕದವನ ಕಣ್ಣಿಗೆ ಮನುಷ್ಯ ಎಷ್ಟು ಅಗ್ಗ ಎಂದು ತೋರಿಸಲು ಆ ಅಂಕಿ ಬಂದಿದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದಾಗ ನಗೆಯೂ ಹೋಯಿತು, ಹೆದರಿಕೆಯೂ ಹೋಯಿತು, ಉಳಿದದ್ದು ಇಪ್ಪತ್ತೆಂಟು ಎಂಬ ಭಾಗಲಬ್ಧ.

ಸ್ವಾರಸ್ಯವೆಂದರೆ ಯಂತ್ರವನ್ನು ಕತೆಗೆ ತಂದ ತೊರಿಯಾಮಾ ಅವರೇ ಮೊದಲ ದಿನದಿಂದ ಅದರ ಕಾಲೆಳೆಯುತ್ತಾರೆ. ಗೋಕು ಮತ್ತು ಪಿಕೊಲೊ ರಾಡಿಟ್ಜ್‌ನ ಎದುರು ನಿಂತಾಗ ಯಂತ್ರ 334 ಮತ್ತು 322 ಎನ್ನುತ್ತದೆ. ಇಬ್ಬರೂ ಮೈಮೇಲಿನ ಭಾರದ ಉಡುಪು ಕಳಚುತ್ತಾರೆ. ಅಂಕಿ 416 ಮತ್ತು 408ಕ್ಕೆ ಏರುತ್ತದೆ. ಗೋಕು ಕೈಯಲ್ಲಿ ಶಕ್ತಿ ಕೂಡಿಸಿದಾಗ 924. ಇನ್ನು ಬಂಧನದಲ್ಲಿದ್ದ ಅವನ ನಾಲ್ಕು ವರ್ಷದ ಮಗ ಗೋಹಾನ್‌ನ ಸರದಿ. ಯಂತ್ರ 710 ಎನ್ನುತ್ತದೆ. ರಾಡಿಟ್ಜ್ ಏನಂದುಕೊಳ್ಳುತ್ತಾನೆ? ಯಂತ್ರ ಕೆಟ್ಟಿದೆ ಎಂದು. ಮಗು ಸೆರೆಯನ್ನು ಒಡೆದು ಹೊರಬಂದಾಗ ಅಂಕಿ 1,307. ಅಳತೆಯನ್ನೇ ನಂಬಿ ಬದುಕಿದವನು ಅಳತೆ ನಿಜ ಹೇಳಿದಾಗ ಮಾತ್ರ ಅದನ್ನು ನಂಬಲಿಲ್ಲ, ಅದರ ಬೆಲೆಯನ್ನೂ ತೆತ್ತ.

ನಾಮೆಕ್ ಗ್ರಹದ ಅಧ್ಯಾಯಗಳಲ್ಲಿ ಈ ವ್ಯಂಗ್ಯ ಇನ್ನಷ್ಟು ಕಪ್ಪಾಗುತ್ತದೆ. ಫ್ರೀಜಾ ಎಂಬ ದೊರೆ ಹಳ್ಳಿಯಿಂದ ಹಳ್ಳಿಗೆ ಹೋಗಿ ಅಲ್ಲಿನವರನ್ನು ಕೊಲ್ಲುತ್ತಿದ್ದಾನೆ. ಅವನ ಸೈನಿಕರು ಸ್ಕೌಟರ್ ಹಾಕಿಕೊಂಡು ಎಲ್ಲಿ ಎಷ್ಟು ಬಲದ ಜೀವವಿದೆ ಎಂದು ಪತ್ತೆ ಹಚ್ಚುತ್ತಾರೆ. ಮೂರಿ ಎಂಬ ಹಳ್ಳಿಯ ಹಿರಿಯನಿಗೆ ಇದು ಅರ್ಥವಾಗುತ್ತದೆ. ಇವರನ್ನು ಬಡಿಯಲು ತನ್ನಿಂದಾಗದು, ಆದರೆ ಇವರ ಕಣ್ಣು ಕೀಳಬಹುದು. ಆ ಮುದುಕ ಸೈನಿಕರ ಮೇಲಲ್ಲ, ಅವರ ಸ್ಕೌಟರ್‌ಗಳ ಮೇಲೆ ಗುರಿಯಿಟ್ಟು ಎಲ್ಲವನ್ನೂ ಒಡೆದುಬಿಡುತ್ತಾನೆ. ಅದಕ್ಕಾಗಿ ಸಾಯುತ್ತಾನೆ. ಆದರೆ ಫ್ರೀಜಾ ಗಿನ್ಯು ಪಡೆಯನ್ನು ಕರೆಸಿ, ಹೊಸ ಯಂತ್ರಗಳನ್ನು ತನ್ನಿ ಎಂದು ಕೇಳಿಕೊಳ್ಳುವ ತನಕ ಅಲ್ಲಿ ಅಡಗಿ ಓಡಾಡುತ್ತಿದ್ದವರಿಗೆಲ್ಲ ಉಸಿರಾಡಲು ಹೊತ್ತು ಸಿಗುತ್ತದೆ. ಬಲದ ಪಟ್ಟಿಯಲ್ಲಿ ಮೂರಿಯ ಹೆಸರನ್ನು ಎಲ್ಲಿ ಬರೆಯುತ್ತೀರಿ? ಪಟ್ಟಿಯನ್ನೇ ಹರಿದವನಿಗೆ ಪಟ್ಟಿಯಲ್ಲಿ ಜಾಗ ಹುಡುಕುವುದು ಹೇಗೆ?

ಇನ್ನು ಅಭಿಮಾನಿಗಳ ಬಾಯಲ್ಲಿ ಮಂತ್ರದಂತಾಗಿರುವ 5,30,000ದ ವಿಷಯ. ಇದು ಫ್ರೀಜಾ ತಾನೇ ತನ್ನ ಬಾಯಿಂದ ಹೇಳಿಕೊಳ್ಳುವ ಯುದ್ಧಬಲ. ಹೇಳುವುದು ಯಾರಿಗೆ? ನಾಮೆಕ್‌ನ ಕಾವಲುಗಾರ ನೇಲ್‌ಗೆ. ನೇಲ್‌ನ ಅಂಕಿ 42,000. ಮೊದಲು ಅದನ್ನು ಮೆಚ್ಚಿ, ಆಮೇಲೆ ತನ್ನ ಅಂಕಿ ಹೇಳಿ, ಪೂರ್ತಿ ಬಲ ಹಾಕುವುದಿಲ್ಲ, ಚಿಂತಿಸಬೇಡ ಎಂದು ವಿನಯದಿಂದ ಸೇರಿಸುತ್ತಾನೆ ಫ್ರೀಜಾ. ಅಧಿಕಾರ ತನ್ನ ಸೌಜನ್ಯದಲ್ಲೇ ಎಷ್ಟು ಹೆದರಿಸಬಲ್ಲದು ಎನ್ನುವುದಕ್ಕೆ ಈ ಮಾತಿಗಿಂತ ಒಳ್ಳೆಯ ಉದಾಹರಣೆ ಆ ಮಂಗಾದಲ್ಲಿ ನನಗೆ ಸಿಕ್ಕಿಲ್ಲ. ಲೆಕ್ಕದವರು ಇದನ್ನು ದತ್ತಾಂಶವೆಂದು ಬರೆದುಕೊಂಡು, ಹನ್ನೆರಡು ಪಟ್ಟಿಗೂ ಹೆಚ್ಚು ಅಂತರ, ನೇಲ್ ಸೋತ ಎಂದು ಮುಗಿಸುತ್ತಾರೆ. ಹೌದು, ನೇಲ್ ಸೋಲುತ್ತಾನೆ. ಆದರೆ ಅವನು ಕಾದಾಡಿದ್ದು ಗೆಲ್ಲಲಿಕ್ಕಲ್ಲ. ತಮ್ಮ ಭಾಷೆ ಬಲ್ಲ ಪುಟ್ಟ ಡೆಂಡೆ ಡ್ರ್ಯಾಗನ್ ಗೋಲಗಳಿರುವ ಜಾಗ ತಲುಪುವವರೆಗೆ ಹೊತ್ತು ಕಳೆಯಬೇಕಿತ್ತು, ಕಳೆದ. ನೆಲಕ್ಕೆ ಬಿದ್ದವನು ಈ ಗುಟ್ಟು ಬಿಟ್ಟುಕೊಟ್ಟಾಗ ಫ್ರೀಜಾ ಕೆರಳಿ ಹಾರಿಹೋಗುತ್ತಾನೆ, ಅವನು ಹಂಬಲಿಸಿದ ಅಮರತ್ವ ಅವನಿಗೆ ಸಿಗುವುದೇ ಇಲ್ಲ. 5,30,000 ಸೋತದ್ದು ಗಡಿಯಾರಕ್ಕೆ.

ಇಲ್ಲಿಗೆ ನನ್ನ ವಾದವನ್ನು ಬಿಡಿಸಿ ಹೇಳಬಹುದು. ಕತೆಯೊಳಗಿನ ಅಂಕಿ ತಕ್ಕಡಿಯ ಮುಳ್ಳಲ್ಲ. ಅದು ಯಾರೋ ಯಾರಿಗೋ ಯಾವುದೋ ಉದ್ದೇಶದಿಂದ ಆಡಿದ ಮಾತು. ಸಂಭಾಷಣೆಯನ್ನು ಓದುವಾಗ ಯಾರು ಹೇಳುತ್ತಿದ್ದಾರೆ, ಯಾಕೆ ಹೇಳುತ್ತಿದ್ದಾರೆ, ಕೇಳಿಸಿಕೊಂಡವರಿಗೆ ಏನಾಯಿತು ಎಂದು ವಿಚಾರಿಸುತ್ತೇವಲ್ಲ, ಅಂಕಿಗಳನ್ನೂ ಹಾಗೆಯೇ ವಿಚಾರಿಸಬೇಕು.

ಎಯಿಚಿರೊ ಓಡಾ ಅವರ 'ಒನ್ ಪೀಸ್' ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. 1997ರಲ್ಲಿ ಶುರುವಾದ ಆ ಕತೆಯಲ್ಲಿ ಪ್ರತಿ ಕಡಲ್ಗಳ್ಳನ ತಲೆಗೂ ಸರ್ಕಾರ ಬೆಲೆ ಕಟ್ಟುತ್ತದೆ. ನಾಯಕ ಲೂಫಿಯ ಮೊದಲ ಬೆಲೆ 3 ಕೋಟಿ ಬೆರಿ. ನಿಕೊ ರಾಬಿನ್ ಎಂಬ ಹುಡುಗಿಯ ತಲೆಗೆ ಅವಳ ಎಂಟನೇ ವಯಸ್ಸಿನಲ್ಲೇ ಕಟ್ಟಿದ ಬೆಲೆ 7 ಕೋಟಿ 90 ಲಕ್ಷ. ಎಂಟು ವರ್ಷದ ಮಗು ಲೂಫಿಗಿಂತ ಎರಡೂವರೆ ಪಟ್ಟು ಬಲಶಾಲಿಯೇ? ಅವಳು ಹಳೆಯ ಶಿಲಾಲಿಪಿ ಓದಬಲ್ಲಳು. ಸರ್ಕಾರ ಅಳಿಸಿಹಾಕಿದ ಚರಿತ್ರೆ ಆ ಕಲ್ಲುಗಳಲ್ಲಿದೆ. ಅವಳ ಊರನ್ನು, ಗ್ರಂಥಾಲಯವನ್ನು, ವಿದ್ವಾಂಸರನ್ನು ಸುಟ್ಟ ಮೇಲೆ ಉಳಿದ ಒಬ್ಬಳೇ ಓದುಗಳು ಅವಳು. ಆ ಬೆಲೆ ಹುಡುಗಿಯ ಬಲವನ್ನು ಅಳೆಯುತ್ತಿಲ್ಲ, ಸರ್ಕಾರದ ಭಯವನ್ನು ಅಳೆಯುತ್ತಿದೆ. ಅದೇ ಸರ್ಕಾರ ಹಡಗಿನ ವೈದ್ಯ ಚಾಪರ್‌ನನ್ನು ಸಾಕುಪ್ರಾಣಿ ಎಂದುಕೊಂಡು ಮೊದಲು ಕಟ್ಟಿದ ಬೆಲೆ 50 ಬೆರಿ. ಅದು ಸರ್ಕಾರದ ಅಜ್ಞಾನದ ಅಳತೆ.

ಬಲದ ಪಟ್ಟಿ ಎಂಬುದು ಜಪಾನಿನ ಕತೆಗಾರರು ಕಂಡುಹಿಡಿದ ವಸ್ತುವೇನಲ್ಲ. ಮಹಾಭಾರತದ ಉದ್ಯೋಗಪರ್ವ ಓದಿದವರಿಗೆ ಇದು ಗೊತ್ತು. ಯುದ್ಧಕ್ಕೆ ಮೊದಲು ದುರ್ಯೋಧನ ಭೀಷ್ಮನನ್ನು ಕೇಳುತ್ತಾನೆ, ನಮ್ಮಲ್ಲಿ ರಥಿಕರು ಯಾರು, ಅತಿರಥರು ಯಾರು ಎಂದು. ಭೀಷ್ಮ ಒಬ್ಬೊಬ್ಬರನ್ನೇ ಹೆಸರಿಸಿ ದರ್ಜೆ ಹೇಳುತ್ತ ಹೋಗಿ ಕರ್ಣನ ಸರದಿ ಬಂದಾಗ ಅರ್ಧರಥ ಎನ್ನುತ್ತಾನೆ. ಕರ್ಣ ನಿಜಕ್ಕೂ ಅರ್ಧರಥನೋ ಪೂರ್ಣನೋ ಎಂದು ತೂಗುತ್ತ ಕೂತವರಿಗೆ ಆ ಮಾತು ಮಾಡಿದ ಕೆಲಸ ಕಾಣುವುದಿಲ್ಲ. ಅವಮಾನಗೊಂಡ ಕರ್ಣ, ಭೀಷ್ಮ ಬೀಳುವ ತನಕ ತಾನು ಆಯುಧ ಹಿಡಿಯುವುದಿಲ್ಲ ಎನ್ನುತ್ತಾನೆ. ಹತ್ತು ದಿನದ ಯುದ್ಧ ಅವನಿಲ್ಲದೆ ನಡೆಯುತ್ತದೆ. ಒಂದು ಅರ್ಧದಿಂದ ಕೌರವ ಸೈನ್ಯ ಕಳೆದುಕೊಂಡದ್ದು ಒಬ್ಬ ಇಡೀ ಕರ್ಣನನ್ನು.

ಈ ವಾದಗಳಿಗೆ ಬೀಗ ಹಾಕಲು ಹಲವರು ಬಳಸುವ ಇನ್ನೊಂದು ಉತ್ತರವಿದೆ. ಅಮೆರಿಕದ ಕಾಮಿಕ್ಸ್ ಲೇಖಕ ಸ್ಟ್ಯಾನ್ ಲೀ ಹೇಳಿ ಪ್ರಸಿದ್ಧವಾದ ಮಾತಿನ ಸಾರ ಅದು: ಬರೆಯುವವನು ಯಾರು ಗೆಲ್ಲಬೇಕೆಂದು ಬಯಸುತ್ತಾನೋ ಅವನೇ ಗೆಲ್ಲುತ್ತಾನೆ. ಮಾತು ನಿಜ, ಆದರೆ ಅರ್ಧ ದಾರಿಗೇ ನಿಲ್ಲುವ ನಿಜ. ಬರೆಯುವವನ ಇಷ್ಟವೇ ಎಲ್ಲವೂ ಆಗಿದ್ದರೆ ಕೆಲವು ಗೆಲುವುಗಳು ನಮಗೆ ಮೋಸ ಎನ್ನಿಸುವುದು ಯಾಕೆ? ಕೆಲವು ಸೋಲುಗಳು ಸರಿಯಾದವೆಂದು ಮನಸ್ಸು ಒಪ್ಪಿಕೊಂಡು ತಣ್ಣಗಾಗುವುದು ಯಾಕೆ? ಕತೆ ಓದುಗನಿಗೆ ಮಾತು ಕೊಟ್ಟಿರುತ್ತದೆ. ಆ ಮಾತು ಉಳಿಯಿತೇ ಎಂದು ಕೇಳುವ ಹಕ್ಕು ಓದುಗನದು. ಬಲದ ಲೆಕ್ಕ ಹಾಕುವವರು, ತಮಗೆ ತಿಳಿದೋ ತಿಳಿಯದೆಯೋ, ಈ ಹಕ್ಕನ್ನೇ ಚಲಾಯಿಸುತ್ತಿರುತ್ತಾರೆ.

ಮಸಾಶಿ ಕಿಶಿಮೊಟೊ ಅವರ 'ನರುಟೊ' ನೋಡಿ. 1999ರಿಂದ 2014ರವರೆಗೆ 700 ಅಧ್ಯಾಯ. ಅದರ ಆರಂಭದ ಅಧ್ಯಾಯಗಳಲ್ಲಿ ರಾಕ್ ಲೀ ಎಂಬ ಹುಡುಗ ಬರುತ್ತಾನೆ. ಅವನಿಗೆ ನಿಂಜಾ ಮಾಯೆ ಒಂದೂ ಒಲಿಯದು, ಮೈ ದಂಡಿಸಿ ಕಲಿತದ್ದೊಂದೇ ಆಸ್ತಿ. ಗಾರಾನ ಎದುರು ಅವನು ಕಾಲಿಗೆ ಕಟ್ಟಿದ ಭಾರ ಬಿಚ್ಚಿ ಕೆಳಗೆ ಹಾಕಿದಾಗ ನೆಲ ನಡುಗುತ್ತದೆ. ಅಲ್ಲಿ ಕತೆ ನಮಗೊಂದು ಮಾತು ಕೊಡುತ್ತದೆ: ದುಡಿಮೆಗೆ ಇಲ್ಲಿ ಬೆಲೆಯಿದೆ. ಕೊನೆಯ ಯುದ್ಧದ ಹೊತ್ತಿಗೆ ನರುಟೊ ಮತ್ತು ಸಾಸುಕೆ ಪುರಾಣಕಾಲದ ಇಬ್ಬರು ಸಹೋದರರ ಪುನರ್ಜನ್ಮವೆಂದು ತಿಳಿಯುತ್ತದೆ. ವರ್ಷಗಟ್ಟಲೆ ಬೆಳೆಸಿದ ಖಳ ಮದಾರಾನನ್ನು ಬದಿಗೆ ಸರಿಸಿ ಕಗುಯಾ ಎಂಬ ದೇವತೆ ಅವನ ಜಾಗಕ್ಕೆ ಬರುತ್ತಾಳೆ. ಬಲದ ಲೆಕ್ಕ ಕೆಟ್ಟುಹೋಯಿತು ಎಂದು ಅಭಿಮಾನಿಗಳು ಗೊಣಗಿದರು. ಆ ಗೊಣಗಾಟವನ್ನು ಭಾಷಾಂತರಿಸಿದರೆ ಸಿಗುವುದು ಗಂಭೀರವಾದ ವಿಮರ್ಶೆ: ದುಡಿದವನ ಕತೆ ಎಂದು ಹೇಳಿ ಹುಟ್ಟಿನ ಕತೆ ಮಾಡಿದಿರಿ. ಅದೇ ಯುದ್ಧದಲ್ಲಿ ಲೀಯ ಗುರು ಮೈಟೊ ಗೈ ಪ್ರಾಣವನ್ನೇ ಉರಿಸುವ ಎಂಟನೇ ಬಾಗಿಲು ತೆರೆದು ಮದಾರಾನನ್ನು ಸಾವಿನ ಅಂಚಿಗೆ ತಳ್ಳುವ ಪುಟಗಳನ್ನು ಇದೇ ಅಭಿಮಾನಿಗಳು ಕೊಂಡಾಡುವುದೂ ಅದಕ್ಕೇ. ಗೈ ಗೆಲ್ಲಲಿಲ್ಲ, ಆದರೆ ಕತೆ ಮೊದಲು ಕೊಟ್ಟ ಮಾತನ್ನು ಅಷ್ಟು ಹೊತ್ತು ಅವನೊಬ್ಬ ಉಳಿಸಿದ.

ಹಾಗಾದರೆ ಪ್ರಶ್ನೆ ಸರಿಯಿದೆ, ಅಳತೆಗೋಲು ಸರಿಯಿಲ್ಲ ಎನ್ನಬೇಕಾಗುತ್ತದೆ. ಅಂಕಿಯ ಬದಲು ಏನನ್ನು ಅಳೆಯಬೇಕು? ಈ ಪ್ರಕಾರದ ಒಳ್ಳೆಯ ಕತೆಗಾರರೇ ಅದಕ್ಕೆ ಉತ್ತರ ಕೊಟ್ಟಿದ್ದಾರೆ.

ಹಿರೊಹಿಕೊ ಅರಾಕಿ ಅವರ 'ಜೋಜೋ' ಸರಣಿಯಲ್ಲಿ ಸ್ಟ್ಯಾಂಡ್ ಎಂಬ ಚೈತನ್ಯರೂಪಗಳಿಗೆ ವಿನಾಶಬಲ, ವೇಗ, ವ್ಯಾಪ್ತಿ ಹೀಗೆ ಬೇರೆ ಬೇರೆ ಗುಣಗಳಲ್ಲಿ ಎ ಇಂದ ಇ ತನಕ ದರ್ಜೆಗಳಿವೆ. ಶಾಲೆಯ ಅಂಕಪಟ್ಟಿಯಂತಿರುವ ಈ ಕೋಷ್ಟಕ ಕೊಟ್ಟೂ ಅರಾಕಿ ಅದನ್ನು ನಂಬಿದವರನ್ನು ಬೇಸ್ತು ಬೀಳಿಸುತ್ತಾರೆ. ಮೂರನೇ ಭಾಗದಲ್ಲಿ ಬರುವ ಲವರ್ಸ್ ಎಂಬ ಸ್ಟ್ಯಾಂಡ್‌ಗೆ ತೋಳ್ಬಲವೇ ಇಲ್ಲ, ಅದು ಎಲ್ಲಕ್ಕಿಂತ ದುರ್ಬಲ ಎಂದು ಅದರ ಒಡೆಯನೇ ಹೇಳಿಕೊಳ್ಳುತ್ತಾನೆ. ಆದರೆ ಅದು ಧೂಳಿನ ಕಣದಷ್ಟಾಗಿ ಅಜ್ಜ ಜೋಸೆಫ್‌ನ ಮಿದುಳಿನೊಳಗೆ ಹೊಕ್ಕು ಕೂತಿದೆ. ಒಡೆಯನಿಗೆ ಬಿದ್ದ ಪೆಟ್ಟು ಹಲವು ಪಟ್ಟಾಗಿ ಅಜ್ಜನಿಗೆ ತಟ್ಟುತ್ತದೆ. ಬೆಟ್ಟ ಕುಟ್ಟಬಲ್ಲ ಮೊಮ್ಮಗ ಜೊತಾರೊ ಆ ನೀಚನ ಬೂಟು ಒರೆಸುತ್ತ, ಕೈಕಟ್ಟಿ ನಿಲ್ಲಬೇಕು. ಇಲ್ಲಿ ಸರಪಳಿಯ ತರ್ಕ ಮುರಿದು ಬೀಳುತ್ತದೆ. ಯಾರ ಮೇಲೆ ಯಾರಿಗೆ ಪ್ರೀತಿ ಇದೆ ಎನ್ನುವುದು ಗೊತ್ತಾಗದೆ ಯಾರು ಯಾರನ್ನು ಸೋಲಿಸಬಲ್ಲರು ಎಂದು ಹೇಳಲಾಗದು.

ಯೊಶಿಹಿರೊ ತೊಗಾಶಿ 1998ರಲ್ಲಿ ಶುರುಮಾಡಿದ 'ಹಂಟರ್ × ಹಂಟರ್' ಇನ್ನೊಂದು ಹೆಜ್ಜೆ ಮುಂದಿಟ್ಟು ಬಲಕ್ಕೆ ಬೆಲೆ ಕಟ್ಟುತ್ತದೆ. ಅಲ್ಲಿ ತನಗೆ ತಾನೇ ಕಟ್ಟುಪಾಡು ಹಾಕಿಕೊಂಡು ವ್ರತ ತೊಟ್ಟವನ ಬಲ ಹೆಚ್ಚುತ್ತದೆ. ತನ್ನ ಕುಲವನ್ನು ಕೊಂದ ಜೇಡರ ತಂಡದ ಮೇಲೆ ಮಾತ್ರ ಈ ಸರಪಳಿ ಬಳಸುತ್ತೇನೆ, ತಪ್ಪಿದರೆ ಸಾಯುತ್ತೇನೆ ಎಂದು ಕುರಾಪಿಕಾ ತನ್ನ ಎದೆಗೇ ಇನ್ನೊಂದು ಸರಪಳಿ ಚುಚ್ಚಿಕೊಳ್ಳುತ್ತಾನೆ. ತಂಡದಲ್ಲಿ ತೋಳ್ಬಲಕ್ಕೆ ಮೊದಲಿಗನಾದ ಊವೊಗಿನ್ ಅವನ ಕೈಯಲ್ಲಿ ಸಾಯುತ್ತಾನೆ. ಕುರಾಪಿಕಾ ಎಷ್ಟು ಬಲಶಾಲಿ ಎಂದು ಕೇಳಿದರೆ ಉತ್ತರವಿಲ್ಲ. ಯಾರ ಎದುರು, ಏನನ್ನು ಪಣವಿಟ್ಟು ಎಂದು ಕೇಳಿದರೆ ಉತ್ತರವಿದೆ. ಬಲ ಅಲ್ಲಿ ಮೈಯಲ್ಲಿರುವ ಗುಣಕ್ಕಿಂತ ಹೆಚ್ಚಾಗಿ ಒಂದು ಸಂಬಂಧ, ಒಂದು ಸಾಲ.

ಅದೇ ಕತೆಯ ಕಿಮೆರಾ ಇರುವೆಗಳ ಭಾಗದಲ್ಲಿ ಈ ವಿಚಾರ ತುದಿ ಮುಟ್ಟುತ್ತದೆ. ಇರುವೆಗಳ ರಾಜ ಮೆರುಎಮ್ ಆ ಲೋಕದಲ್ಲೇ ಎಣೆಯಿಲ್ಲದ ಬಲದವನಾಗಿ ಹುಟ್ಟಿದ್ದಾನೆ. ಮನುಷ್ಯರ ಕಡೆಯ ಹಿರಿಯ ನೆಟೆರೊ ಜೀವಮಾನದ ಸಾಧನೆಯನ್ನೆಲ್ಲ ಸುರಿದರೂ ಅವನನ್ನು ಮಣಿಸಲಾರದೆ ಕೊನೆಗೆ ತನ್ನ ದೇಹದೊಳಗಿಟ್ಟುಕೊಂಡ ಬಾಂಬ್ ಸಿಡಿಸುತ್ತಾನೆ. ಬಡವರ ಗುಲಾಬಿ ಎಂದು ಅದರ ಹೆಸರು, ಅಗ್ಗಕ್ಕೆ ತಯಾರಾಗುವ, ವಿಷ ಹರಡುವ ಬಾಂಬ್. ಸೇವಕರು ತಮ್ಮ ಮೈಯನ್ನೇ ಉಣಿಸಿ ರಾಜನನ್ನು ಬದುಕಿಸುತ್ತಾರೆ, ಅವನು ಮೊದಲಿಗಿಂತ ಹೆಚ್ಚು ಬಲದವನಾಗಿ ಏಳುತ್ತಾನೆ. ಬಲದ ಪಟ್ಟಿ ಮಾಡುವವರು ಅವನನ್ನು ಎಲ್ಲರಿಗಿಂತ ಮೇಲೆ ಬರೆಯುವುದು ಈ ಘಳಿಗೆಯಲ್ಲಿ. ವಿಷ ಅವನೊಳಗೆ ಆಗಲೇ ಕೆಲಸ ಶುರು ಮಾಡಿರುವುದೂ ಇದೇ ಘಳಿಗೆಯಲ್ಲಿ. ಉಳಿದ ಆಯುಸ್ಸನ್ನು ಅವನು ಏನು ಮಾಡುತ್ತಾನೆ? ಗುಂಗಿ ಎಂಬ ಹಲಗೆಯಾಟದಲ್ಲಿ ತನಗೆ ಒಂದು ಸಲವೂ ಸೋಲದ ಕುರುಡು ಹುಡುಗಿ ಕೊಮುಗಿಯ ಬಳಿ ಹೋಗಿ ಆಡುತ್ತ ಕೂರುತ್ತಾನೆ. ತನ್ನ ಹತ್ತಿರ ಇದ್ದರೆ ನಿನಗೂ ವಿಷ ತಾಗುತ್ತದೆ ಎನ್ನುತ್ತಾನೆ. ಅವಳು ಏಳುವುದಿಲ್ಲ. ನೂರಾರು ಅಧ್ಯಾಯಗಳ ಹೊಡೆದಾಟ ಓದಿಸಿಕೊಂಡು ಬಂದ ಕತೆ ಕೊನೆಗೆ ನಮ್ಮನ್ನು ತಂದು ಕೂರಿಸುವುದು ಈ ಇಬ್ಬರು ಆಟ ಮುಗಿಸುವ ಕತ್ತಲಿನಲ್ಲಿ. ಕೊಮುಗಿಯ ಯುದ್ಧಬಲ ಸೊನ್ನೆ. ಅವಳನ್ನು ಬಿಟ್ಟು ಪಟ್ಟಿ ಮಾಡಿದವರು ಆ ಭಾಗದ ಹೃದಯವನ್ನೇ ಬಿಟ್ಟರು.

ಇಷ್ಟೆಲ್ಲ ಇದ್ದೂ ಅಂಕಿಯ ಸೆಳೆತ ಯಾಕೆ ಕಡಿಮೆಯಾಗುವುದಿಲ್ಲ? ಅದಕ್ಕೆ ಕಾರಣ ಓದುಗರ ಬಾಲಿಶತನ ಎಂದರೆ ಅನ್ಯಾಯವಾಗುತ್ತದೆ. ಈ ಕತೆಗಳು ಹುಟ್ಟಿದ ಜಾಗವೇ ಪೈಪೋಟಿಯ ಅಖಾಡ. 'ಶೋನೆನ್ ಜಂಪ್' ತನ್ನ ಓದುಗರಿಂದ ಅಂಚೆ ಕಾರ್ಡಿನಲ್ಲಿ ಮೆಚ್ಚಿನ ಕತೆಗಳ ಹೆಸರು ತರಿಸಿಕೊಂಡು ಧಾರಾವಾಹಿಗಳಿಗೆ ದರ್ಜೆ ಕೊಡುತ್ತಿದ್ದ ಪತ್ರಿಕೆ. ಕೆಳಗಿಳಿದ ಕತೆ ನಿಂತುಹೋಗುತ್ತಿತ್ತು. 1990ರ ದಶಕದ ನಡುವೆ 65 ಲಕ್ಷ ಪ್ರತಿಗಳನ್ನು ಮೀರಿ ಮಾರಾಟವಾದ ಆ ಪತ್ರಿಕೆಯಲ್ಲಿ ಪ್ರತಿ ವಾರ ಮಂಗಾಕಾರರ ಮೇಲೂ ಒಂದು ಸ್ಕೌಟರ್ ಇರುತ್ತಿತ್ತು. ಸಾಹಸಯಾತ್ರೆಯಾಗಿ ಶುರುವಾಗಿದ್ದ 'ಡ್ರ್ಯಾಗನ್ ಬಾಲ್' ಪಂದ್ಯಾವಳಿಯ ಕತೆಯಾಗಿ ಜನಪ್ರಿಯವಾದದ್ದೂ ಈ ಒತ್ತಡದಲ್ಲೇ. ಓದುವ ಹುಡುಗರ ಪಾಡೂ ಅದೇ. ಜಪಾನಿನ ವಿದ್ಯಾರ್ಥಿಗಳಿಗೆ ಹೆನ್ಸಾಚಿ ಎಂಬ ಅಂಕಿಯಿದೆ. 50ನ್ನು ಸರಾಸರಿಯಾಗಿಟ್ಟು, ನೀನು ಉಳಿದವರಿಗಿಂತ ಎಷ್ಟು ಮೇಲೆ ಎಷ್ಟು ಕೆಳಗೆ ಎಂದು ಹೇಳುವ ಲೆಕ್ಕ ಅದು. ಯಾವ ಶಾಲೆಗೆ ಅರ್ಜಿ ಹಾಕಬಹುದು ಎಂದು ಅದನ್ನು ನೋಡಿ ನಿರ್ಧರಿಸುತ್ತಾರೆ. ದಿನವಿಡೀ ಅಳೆಸಿಕೊಂಡು ಬಂದ ಹುಡುಗನಿಗೆ ಸಂಜೆ ತಾನೇ ಕೈಯಲ್ಲಿ ಅಳತೆಗೋಲು ಹಿಡಿಯುವುದು ಎಷ್ಟು ಸುಖ ಕೊಡಬಹುದು ಎಂದು ಊಹಿಸುವುದು ಕಷ್ಟವಲ್ಲ.

ಆದರೆ ಅಳೆಸಿಕೊಳ್ಳುವವನ ದುಃಖವನ್ನು ಬಲ್ಲ ಕತೆಗಳನ್ನೂ ನಾವು ಅಳೆಯುವವನ ಕಣ್ಣಿನಿಂದಲೇ ಓದಿದರೆ ನಷ್ಟ ನಮ್ಮದು. ನನಗೆ ಇದರಲ್ಲಿ ಕಾಣುವ ಅಪಾಯ ಇದೊಂದೇ, ಆದರೆ ಸಣ್ಣದಲ್ಲ. ಸೋತವರೆಲ್ಲ ಹೆಸರಿಲ್ಲದೆ ಅಳಿಸಿಹೋಗುವ ಓದನ್ನು ಅಭ್ಯಾಸ ಮಾಡಿಕೊಂಡವರಿಗೆ ಕತೆಯ ಹೊರಗೂ ಸೋತವರು ಕಾಣದೆ ಹೋಗಬಹುದು.

ಈ ಇಡೀ ಲೆಕ್ಕವನ್ನು ಮೂಲದಲ್ಲೇ ಅಣಕಿಸಿದ ಕತೆ 'ಒನ್ ಪಂಚ್ ಮ್ಯಾನ್'. 2009ರಲ್ಲಿ ಒನ್ ಎಂಬ ಕಾವ್ಯನಾಮದ ಲೇಖಕ ಅಂತರ್ಜಾಲದಲ್ಲಿ ಒರಟು ಗೆರೆಗಳಲ್ಲಿ ಬರೆದದ್ದನ್ನು 2012ರಿಂದ ಯೂಸುಕೆ ಮುರಾಟಾ ಮರುಚಿತ್ರಿಸುತ್ತ ಬಂದಿದ್ದಾರೆ. ನಾಯಕ ಸೈತಾಮಾ ಕೆಲಸ ಸಿಗದೆ ಅಲೆಯುತ್ತಿದ್ದವನು. ಮೂರು ವರ್ಷ ದಿನಾ ನೂರು ದಂಡ, ನೂರು ಬಸ್ಕಿ, ಹತ್ತು ಕಿಲೋಮೀಟರ್ ಓಟ ಎಂದು ಮೈ ದಂಡಿಸಿ, ತಲೆಗೂದಲೆಲ್ಲ ಉದುರಿ, ಯಾರನ್ನಾದರೂ ಒಂದೇ ಗುದ್ದಿಗೆ ಮುಗಿಸುವವನಾದ. ವೀರರ ಸಂಘದ ಪರೀಕ್ಷೆಗೆ ಕೂತಾಗ ಮೈಯ ಪರೀಕ್ಷೆಯಲ್ಲಿ ಹಳೆಯ ದಾಖಲೆಗಳೆಲ್ಲ ಪುಡಿಯಾದರೂ ಬರವಣಿಗೆಯಲ್ಲಿ ಎಡವಿ ಒಟ್ಟು 71 ಅಂಕ. ಸಿಕ್ಕಿದ ಸ್ಥಾನ ಸಿ ದರ್ಜೆಯಲ್ಲಿ 388. ಅದೇ ಸಂಘದ ಅತ್ಯುನ್ನತ ಎಸ್ ದರ್ಜೆಯಲ್ಲಿ 7ನೇ ಸ್ಥಾನದಲ್ಲಿರುವ ಕಿಂಗ್ ಎಂಬಾತನಿಗೆ ಯಾವ ಬಲವೂ ಇಲ್ಲ.

ಇದನ್ನೆಲ್ಲ ಬರೀ ತಮಾಷೆ ಎಂದುಕೊಳ್ಳುವಾಗ ಆಳಗಡಲ ರಾಜ ಎಂಬ ರಕ್ಕಸ ಊರಿಗೆ ನುಗ್ಗುತ್ತಾನೆ. ಎಸ್ ದರ್ಜೆಯ ವೀರರೂ ಅವನ ಎದುರು ಬಿದ್ದಿದ್ದಾರೆ. ಮಳೆ ಸುರಿಯುತ್ತಿದೆ. ಆಗ ಬೈಸಿಕಲ್ ತುಳಿದುಕೊಂಡು ಬರುವವನು ಮುಮೆನ್ ರೈಡರ್, ಸಿ ದರ್ಜೆಯವನು. ತಾನು ಗೆಲ್ಲುವುದಿಲ್ಲ ಎಂದು ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದರೂ ಎದ್ದು ನಿಲ್ಲುತ್ತಾನೆ, ಬೀಳುತ್ತಾನೆ. ನೆಲಕ್ಕೆ ಬೀಳುವ ಮುನ್ನ ಸೈತಾಮಾ ಅವನನ್ನು ಹಿಡಿದುಕೊಂಡು ಚೆನ್ನಾಗಿ ಕಾದಾಡಿದೆ ಎನ್ನುತ್ತಾನೆ. ಆಮೇಲೆ ಒಂದು ಗುದ್ದು, ರಕ್ಕಸನ ಕತೆ ಮುಗಿಯಿತು.

ಕತೆ ಅಲ್ಲಿಗೆ ಮುಗಿಯುವುದಿಲ್ಲ. ಜೀವ ಉಳಿಸಿಕೊಂಡು ನಿಂತ ಜನರ ನಡುವೆ ಒಬ್ಬ ಗೊಣಗುತ್ತಾನೆ: ಇವನು ಒಂದೇ ಏಟಿಗೆ ಮುಗಿಸಿದ, ಉಳಿದ ವೀರರೆಲ್ಲ ಹಾಗಾದರೆ ಎಷ್ಟು ದುರ್ಬಲರು, ಅವರಿದ್ದು ಏನು ಪ್ರಯೋಜನ? ನಾವು ಅಂತರ್ಜಾಲದಲ್ಲಿ ದಿನಾ ಕೇಳುವ ವಾದವೇ ಅದು, ಸರಪಳಿಯ ತರ್ಕ ಕೂಡ ತಪ್ಪಿಲ್ಲ. ಸೈತಾಮಾ ಆಗ ಜೋರಾಗಿ ನಕ್ಕು ಸುಳ್ಳು ಹೇಳುತ್ತಾನೆ. ಮೊದಲು ಹೊಡೆದಾಡಿದವರು ಆ ರಕ್ಕಸನನ್ನು ಸುಸ್ತು ಮಾಡಿಟ್ಟಿದ್ದರು, ನಾನು ಕೊನೆಗೆ ಬಂದು ಸುಲಭದಲ್ಲಿ ಹೆಸರು ಹೊಡೆದುಕೊಂಡೆ ಎನ್ನುತ್ತಾನೆ. ಜನ ಅದನ್ನೇ ನಂಬಿ ಅವನಿಗೆ ಛೀಮಾರಿ ಹಾಕುತ್ತಾರೆ. ಬಲದ ಏಣಿಯ ತುತ್ತತುದಿಯಲ್ಲಿರುವವನು, ಕೆಳಗೆ ಬಿದ್ದವರ ಮರ್ಯಾದೆ ಉಳಿಸಲು, ತನ್ನ ಅಳತೆಯನ್ನು ತಾನೇ ತಪ್ಪಾಗಿ ಓದಿ ಹೇಳಿದ.

ಮುಂದಿನ ಸಲ ಯಾರಾದರೂ ಸೈತಾಮಾ ಮತ್ತು ಗೋಕು ಹೊಡೆದಾಡಿದರೆ ಗೆಲ್ಲುವವರು ಯಾರು ಎಂದು ಕೇಳಿದಾಗ ಖಂಡಿತ ವಾದಕ್ಕಿಳಿಯಿರಿ, ಪುಟ ತೆರೆದು ಸಾಕ್ಷಿ ಕೊಡಿ. ಈ ಸುಳ್ಳಿನ ಪುಟವನ್ನೂ ಸಾಕ್ಷಿಯಾಗಿ ಮುಂದಿಡಿ, ಇದನ್ನು ಯಾವ ಖಾನೆಯಲ್ಲಿ ಬರೆದುಕೊಳ್ಳುತ್ತೀರಿ ಎಂದು ಎದುರಿನವರನ್ನು ಕೇಳಿ.